ಸೊನ್ನೆ ಹಾಕಿದ ಅಜ್ಜಿಯರು

ಪುಟ್ಟಿ, ಚಿನ್ನು, ನೀವಿಬ್ಬರೂ ನನ್ನ ಕನ್ನಡವನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತೀರಿ. ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲಿ, ಅದೂ ಈ ಊರಿನ ರಾಗದಲ್ಲಿ ಕೊಡುತ್ತೀರಿ. ನೀವು ಕನ್ನಡ ಓದಲು ಕಲಿಯುವುದಕ್ಕೆ ಇನ್ನೂ ಸ್ವಲ್ಪ ಕಾಲ ಬೇಕು. ಅಲ್ಲಿಯವರೆಗೆ ಈ ಹಾಳೆಗಳು ಕಾಯಲಿ.

ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದೆ. ಅವಳು ಎದ್ದು ನಿಂತು ಹೇಳಿ ಭೇಷ್ ಅನ್ನಿಸಿಕೊಳ್ಳುತ್ತಿದ್ದಳು. ಮದುವೆಯಾದ ಮೇಲೆ ನಿಮ್ಮ ತಾತನೇ ಇಬ್ಬರ ಪಾಲಿನದನ್ನೂ ಮಾತಾಡಿಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನಿಮ್ಮಮ್ಮ ನನ್ನನ್ನು ಡಬ್ಲಿನ್ನಿಗೆ ಕರೆಸಿಕೊಂಡಳು. ಇಲ್ಲಂತೂ ಭಾಷೆಯೇ ಬೇರೆ, ಸುಮ್ಮನಿರುವುದಕ್ಕೆ ಇನ್ನೂ ಒಳ್ಳೆಯ ನೆಪ. ಹೀಗಿದ್ದ ನಾನು ನಾಲ್ಕು ಜನರ ಎದುರು ನಾನಾಗಿಯೇ ಬಾಯಿ ತೆರೆದದ್ದು ಒಂದು ಸಲ. ಆಗ ಪುಟ್ಟಿಗೆ ಏಳು ವರ್ಷ. ಚಿನ್ನು, ನೀನು ಕುರ್ಚಿ ಹಿಡಿದು ನಿಲ್ಲುತ್ತಿದ್ದೆ, ಬಿಟ್ಟರೆ ದೊಪ್ಪನೆ ಕೂರುತ್ತಿದ್ದೆ.

ನಿಮ್ಮಮ್ಮ ಆಸ್ಪತ್ರೆಯಲ್ಲಿ ನೋವಿನ ವಿಭಾಗದ ನರ್ಸು. ನೋವಿಗೇ ಒಂದು ವಿಭಾಗ ಇರುತ್ತದೆಂದು ನನಗೆ ಇಲ್ಲಿಗೆ ಬರುವ ತನಕ ಗೊತ್ತಿರಲಿಲ್ಲ. ತಿಂಗಳು, ವರ್ಷ ಕಳೆದರೂ ಬಿಡದ ನೋವು ಇರುವವರು ಅಲ್ಲಿಗೆ ಬರುತ್ತಾರಂತೆ. ಬಂದವರ ಕೈಗೆ ಮೊದಲು ಒಂದು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ನೋವು ಎಲ್ಲೆಲ್ಲಿ, ಎಷ್ಟು, ನಿದ್ದೆ ಬರುತ್ತದೆಯೇ, ನೋವಿನಿಂದ ಮನೆಗೆಲಸಕ್ಕೆ ಎಷ್ಟು ಅಡ್ಡಿಯಾಗಿದೆ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿಗೆ ಸುತ್ತು ಹಾಕಬೇಕು. ಸೊನ್ನೆ ಎಂದರೆ ಏನೂ ಇಲ್ಲ. ಹತ್ತು ಎಂದರೆ ಇನ್ನು ತಡೆಯಲಾಗದು.

ಅದೇ ವಿಭಾಗದಲ್ಲಿ ನಿಮ್ಮ ಸ್ಪೇನ್ ಆಂಟಿಯೂ ನರ್ಸು. ಇಲ್ಲಿ ಸ್ಪ್ಯಾನಿಷ್ ಆಡುವ ಜನ ಬಹಳ. ಅವರಿಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಮಕ್ಕಳನ್ನೋ ಪಕ್ಕದವರನ್ನೋ ಕೇಳಿ ತುಂಬುತ್ತಾರೆ. ಆದ್ದರಿಂದ ಆ ಹಾಳೆಯನ್ನು ಸ್ಪ್ಯಾನಿಷಿಗೆ ತರುವ ಕೆಲಸವನ್ನು ಆಂಟಿ ತಲೆಯ ಮೇಲೆ ಹೊತ್ತಿದ್ದರು. ಅಂಕಿಗಳನ್ನು ಜೋಡಿಸಿ ನೋಡುವುದು ನಿಮ್ಮಮ್ಮನ ಪಾಲು.

"ಎರಡು ಪುಟ ತಾನೇ? ಒಂದು ಮಧ್ಯಾಹ್ನದ ಕೆಲ್ಸ" ಅಂದಿದ್ದೆ ನಾನು.

ನಿಮ್ಮಮ್ಮ ನಕ್ಕಳು. "ಅಮ್ಮ, ಒಂದು ವರ್ಷದಿಂದ ಅವಳು ರಜೆ ದಿನ ಎಲ್ಲಾ ಇದಕ್ಕೇ ಹಾಕ್ತಿದಾಳೆ."

ಆಮೇಲೆ ವಿವರಿಸಿದಳು. ಇಬ್ಬರು ಬೇರೆ ಬೇರೆ ಕೂತು ಸ್ಪ್ಯಾನಿಷಿಗೆ ತರುತ್ತಾರೆ, ಎರಡನ್ನೂ ಸೇರಿಸಿ ಒಂದು ಮಾಡುತ್ತಾರೆ. ಇಂಗ್ಲಿಷ್ ಹಾಳೆಯನ್ನು ಕಣ್ಣಲ್ಲೂ ನೋಡದ ಮೂರನೆಯವರು ಅದನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಹೋದದ್ದೂ ಬಂದದ್ದೂ ಒಂದೇನಾ ಎಂದು ನೋಡುತ್ತಾರೆ. ಅಷ್ಟಾದ ಮೇಲೆ ನೋವಿರುವವರಿಂದಲೇ ತುಂಬಿಸುತ್ತಾರೆ, ಎರಡು ವಾರ ಬಿಟ್ಟು ಅವರಿಂದಲೇ ಮತ್ತೆ ತುಂಬಿಸುತ್ತಾರೆ. ಅಂಕಿಗಳು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಮೊದಲಿಂದ ಶುರು. ಆಂಟಿಯ ಮೇಲಿನವರು ಕ್ರಿಸ್‌ಮಸ್‌ಗೆ ಮುಂಚೆ ನೋಡಿ ಹೂಂ ಅನ್ನಬೇಕಿತ್ತು, ಇಲ್ಲವೇ ವರ್ಷದ ಕೆಲಸವೆಲ್ಲ ನೀರುಪಾಲು.

ಹಾಳೆ ತುಂಬಿಸಲು ನಮ್ಮ ಮನೆಯನ್ನು ಆರಿಸಿದ್ದಕ್ಕೆ ಕಾರಣವಿತ್ತು. ಆಂಟಿ ಇದ್ದದ್ದು ನಾಲ್ಕು ಜನ ಹಂಚಿಕೊಂಡ ಮನೆ, ಕೂರಿಸಲು ಜಾಗವಿಲ್ಲ. ಆಸ್ಪತ್ರೆಗೆ ಕರೆಸಿದರೆ ವಯಸ್ಸಾದ ಹೆಂಗಸರು ಪೊಲೀಸ್ ಠಾಣೆಗೆ ಬಂದವರ ಹಾಗೆ ಕೂರುತ್ತಿದ್ದರಂತೆ. ಹೀಗಾಗಿ ಶನಿವಾರ ಬೆಳಿಗ್ಗೆ ಬ್ಯೂಮಾಂಟ್ ಬಡಾವಣೆಯ ನಮ್ಮ ಮನೆಗೆ ಐದು ಜನ ಸ್ಪ್ಯಾನಿಷ್ ಅಜ್ಜಿಯರು ಬರತೊಡಗಿದರು. ಎಲ್ಲರೂ ನನ್ನ ಹಾಗೆಯೇ ಮಕ್ಕಳ ಮನೆಯಲ್ಲಿ ಇರುವವರು. ಅವರಲ್ಲಿ ಒಬ್ಬರು ಆಂಟಿಯ ಸ್ವಂತ ತಾಯಿ, ನೀವು ಸ್ಪೇನ್ ಅಜ್ಜಿ ಅನ್ನುವವರು. ಕುಳ್ಳಗೆ, ಗುಂಡಗೆ, ಕಿವಿಯಲ್ಲಿ ಮುತ್ತಿನ ಓಲೆ, ದನಿ ಮಾತ್ರ ಬೀದಿಯ ಕೊನೆಗೆ ಕೇಳುವಷ್ಟು.

ಮೊದಲ ಶನಿವಾರ ಕೆಲಸ ಕೆಟ್ಟದ್ದು ನನ್ನಿಂದಲೇ. ಮನೆಗೆ ಬಂದವರನ್ನು ಬೇರೆ ಬೇರೆ ಕೂರಿಸುವುದು ನನಗೆ ಗೊತ್ತಿಲ್ಲ. ಐವರನ್ನೂ ಊಟದ ಮೇಜಿನ ಸುತ್ತ ಕೂರಿಸಿ, ಮಧ್ಯೆ ಚಕ್ಕುಲಿ ತಟ್ಟೆ ಇಟ್ಟು, ಕಾಫಿ ಕೊಟ್ಟೆ. ನಿಮ್ಮಮ್ಮನೂ ಆಂಟಿಯೂ ಮೇಲೆ ಚಿನ್ನುವಿನ ಬಟ್ಟೆ ಬದಲಿಸಿ ಇಳಿದು ಬರುವಷ್ಟರಲ್ಲಿ ಸ್ಪೇನ್ ಅಜ್ಜಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಪ್ರಶ್ನೆ ಓದುತ್ತಿದ್ದರು. ಉಳಿದವರು ಚರ್ಚೆ ಮಾಡುತ್ತಿದ್ದರು. ಯಾವ ಅಂಕಿ ಎಂದು ತೀರ್ಮಾನವಾದ ಕೂಡಲೇ ಐದು ಪೆನ್ನುಗಳೂ ಒಟ್ಟಿಗೆ ಸುತ್ತು ಹಾಕುತ್ತಿದ್ದವು. ಐದೂ ಹಾಳೆ ಒಂದೇ ಅಚ್ಚು.

"ಅಮ್ಮ! ಇದೇನು ಪಂಕ್ತಿ ಊಟಾನಾ?" ಎಂದು ನಿಮ್ಮಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು.

"ಒಬ್ಬೊಬ್ರನ್ನ ಒಂದೊಂದು ಮೂಲೇಲಿ ಕೂರ್ಸಿದ್ರೆ ಬೇಜಾರ್ ಮಾಡ್ಕೊಳಲ್ವೇನೆ?"

"ಮಾಡ್ಕೊಳ್ಳಿ. ನಂಗೆ ಬೇಕಾಗಿರೋದು ಒಬ್ಬೊಬ್ಬರ ನೋವು. ಸಂಘದ ನೋವಲ್ಲ."

ಮುಂದಿನ ವಾರ ಐವರನ್ನೂ ಚೆದುರಿಸಿದರು. ಒಬ್ಬರು ಮುಂದಿನ ಕೋಣೆಯಲ್ಲಿ, ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಊಟದ ಮೇಜಿಗೆ, ಒಬ್ಬರು ಮೆಟ್ಟಿಲ ಮೇಲೆ. ಪುಟ್ಟಿ, ಒಬ್ಬರು ನಿನ್ನ ಮಂಚದ ಮೇಲೆ ಗೊಂಬೆಗಳ ನಡುವೆ ಕೂತು ಬರೆದರು, ಅದಕ್ಕೆ ನೀನು ಗೊಂಬೆಗಳ ಮುಖವನ್ನು ಗೋಡೆಗೆ ತಿರುಗಿಸಿ ಬಂದಿದ್ದೆ, ಅವು ನೋಡಿ ಬರೆಯಬಾರದೆಂದು. ನನಗೆ ಕೊಟ್ಟ ಅಪ್ಪಣೆ ಒಂದೇ: ಬರೆದು ಮುಗಿಯುವ ತನಕ ಚಕ್ಕುಲಿ ಇಲ್ಲ.

ಈ ಸಲ ಹಾಳೆಗಳು ಬೇರೆ ಬೇರೆಯಾಗಿ ಬಂದವು. ಆದರೂ ಮಧ್ಯಾಹ್ನ ಅವನ್ನು ಹರಡಿಕೊಂಡು ಕೂತ ನಿಮ್ಮಮ್ಮನ ಮುಖ ಸಪ್ಪಗಾಯಿತು. ನೋವು ಎಷ್ಟು ಎಂಬಲ್ಲಿ ಏಳು, ಎಂಟು. ನಿದ್ದೆಗೆ ತೊಂದರೆ ಆರು, ಏಳು. ಮನೆಗೆಲಸಕ್ಕೆ ನೋವಿನಿಂದ ಎಷ್ಟು ಅಡ್ಡಿ ಎಂಬ ಭಾಗದಲ್ಲಿ ಮಾತ್ರ ಐವರದ್ದೂ ಸೊನ್ನೆ, ಉದ್ದಕ್ಕೂ ಸೊನ್ನೆ. ಡನ್‌ಡಾಕ್, ಕಾರ್ಕ್ ಎಂಬ ಬೇರೆ ಊರುಗಳಿಂದ ಅಂಚೆಯಲ್ಲಿ ಬಂದ ಹಾಳೆಗಳಲ್ಲೂ ಹಾಗೇ. ಚಿಕ್ಕ ವಯಸ್ಸಿನವರದ್ದು ಸರಿಯಾಗಿತ್ತು, ಅಜ್ಜಿಯರದ್ದೇ ತಕರಾರು.

"ನೋವು ಎಂಟು ಅಂತಾರೆ, ಅಡ್ಡಿ ಸೊನ್ನೆ ಅಂತಾರೆ. ಯಾರು ನಂಬ್ತಾರೆ?" ಅಂದಳು ನಿಮ್ಮಮ್ಮ.

ತನ್ನ ಅನುವಾದವೇ ತಪ್ಪು ಎಂದು ಆಂಟಿಗೆ ಅನ್ನಿಸಿತು. ಆ ಭಾಗದ ಮಾತುಗಳನ್ನು ಒಂದು ಸಲ ಬದಲಿಸಿದರು, ಮತ್ತೆ ಬದಲಿಸಿದರು. ಅಜ್ಜಿಯರು ನಗುನಗುತ್ತಾ ಮತ್ತೆ ಸೊನ್ನೆಗೆ ಸುತ್ತು ಹಾಕಿದರು. ಮೇಲಿನವರು ನೋಡಿ, ನಮ್ಮ ವಿಭಾಗಕ್ಕೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು, ಅವರಿಗೇ ಕೂಡಿಬರದಿದ್ದರೆ ಈ ಹಾಳೆ ಉಪಯೋಗಕ್ಕಿಲ್ಲ, ಮೊದಲಿಂದ ಮಾಡಿ ಎಂದರಂತೆ. ಆವತ್ತು ಆಂಟಿ ನಮ್ಮ ಫ್ರಿಜ್ಜಿಗೆ ಒರಗಿ ನಿಂತು ಅತ್ತರು. ನಾನು ಒಂದು ಲೋಟ ಬಿಸಿ ಹಾಲು ಕೊಟ್ಟೆ, ಒಂದು ರವೆ ಉಂಡೆ ಕೊಟ್ಟೆ, ಇನ್ನೊಂದು ಕೊಡಹೋದೆ. "ಸಾಕು ಅಮ್ಮ, ಸಾಕು" ಎಂದು ಅಳುತ್ತಲೇ ನಕ್ಕರು. ನನ್ನ ಮನೆಯಲ್ಲಿ ಅವರು ಕಲಿತ ಮೊದಲ ಕನ್ನಡ ಅದು.

ಸ್ಪೇನ್ ಅಜ್ಜಿಗೂ ನನಗೂ ಮಧ್ಯೆ ಭಾಷೆ ಇರಲಿಲ್ಲ. ಪುಟ್ಟಿ ನಮ್ಮಿಬ್ಬರಿಗೂ 'ಗ್ರ್ಯಾಂಡ್' ಅನ್ನುವುದನ್ನು ಕಲಿಸಿದ್ದಳು. ಯಾರು ಏನೇ ಕೇಳಲಿ, ಹೇಗಿದ್ದೀರಿ, ಚಳಿಯೇ, ಬಸ್ಸು ಸಿಕ್ಕಿತೇ, ಎಲ್ಲಕ್ಕೂ ಈ ಊರಿನವರು ಗ್ರ್ಯಾಂಡ್ ಅನ್ನುತ್ತಾರೆ. ನಮಗೆ ಬಹಳ ಅನುಕೂಲವಾಯಿತು. ಅವರು ಬಾಗಿಲಲ್ಲಿ "ಗ್ರ್ಯಾಂಡ್?" ಅನ್ನುತ್ತಿದ್ದರು, ನಾನು "ಗ್ರ್ಯಾಂಡ್" ಅನ್ನುತ್ತಿದ್ದೆ, ಅಲ್ಲಿಗೆ ಕುಶಲ ಮುಗಿಯುತ್ತಿತ್ತು.

ನವೆಂಬರಿನ ಒಂದು ಶನಿವಾರ ನಿಮ್ಮಪ್ಪ ಇಂಡಿಯನ್ ಅಂಗಡಿಯಿಂದ ಫ್ರೋಜನ್ ಅವರೆಕಾಳು ತಂದಿದ್ದರು. ಹಿತಕಿದ ಬೇಳೆ ಸಾರು ಮಾಡೋಣವೆಂದು ನೀರಿಗೆ ಹಾಕಿಟ್ಟು, ಅಡುಗೆಮನೆಯ ಮೇಜಿಗೆ ಕೂತು ಕಾಳು ಹಿತಕುತ್ತಿದ್ದೆ. ಸ್ಪೇನ್ ಅಜ್ಜಿ ಒಳಗೆ ಬಂದು, ಯಾರೂ ಕರೆಯದೆ ಎದುರು ಕೂತು, ಅಂಗಿಯ ತೋಳು ಮಡಚಿ, ಒಂದು ಹಿಡಿ ತಮ್ಮ ಕಡೆಗೆ ಎಳೆದುಕೊಂಡರು. ಅವರ ಊರಿನಲ್ಲೂ ದಪ್ಪ ಕಾಳಿನ ಸಿಪ್ಪೆಯನ್ನು ಹೀಗೆಯೇ ಹಿಂಡಿ ತೆಗೆಯುತ್ತಾರೆಂದು ಆಮೇಲೆ ತಿಳಿಯಿತು. ಹೊಸಬರಲ್ಲ, ಕೈ ನೋಡಿದರೇ ಗೊತ್ತಾಗುತ್ತಿತ್ತು.

ಆದರೆ ಆ ಕೈ ನನ್ನ ಕಣ್ಣಿಗೆ ಬಿತ್ತು. ಕಾಳು ಹಿತಕುವುದು ಹೆಬ್ಬೆರಳಿನ ಕೆಲಸ. ಅವರ ಬಲಗೈ ಹೆಬ್ಬೆರಳು ಮಾತ್ರ ಮದುವೆಮನೆಗೆ ಬಂದ ನೆಂಟನ ಹಾಗೆ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ತೋರುಬೆರಳು, ಮಧ್ಯದ ಬೆರಳು ಸೇರಿ ಕತ್ತರಿಯ ಹಾಗೆ ಕಾಳನ್ನು ಹಿಂಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವೂ ಸೋತು, ಕಾಳನ್ನು ಮೇಜಿಗೆ ಒತ್ತಿ ಅಂಗೈಯಿಂದ ಉಜ್ಜತೊಡಗಿದರು. ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಎತ್ತಿದರು. ಕೆಲಸವೇನೋ ಸಾಗುತ್ತಿತ್ತು. ಅವರ ಬಟ್ಟಲು ನನ್ನದಕ್ಕಿಂತ ಮೊದಲೇ ತುಂಬುತ್ತಿತ್ತು.

ನಾನು ನೋಡುತ್ತಿರುವುದನ್ನು ಅವರು ನೋಡಿದರು. ಕಣ್ಣು ಸಣ್ಣದು ಮಾಡಿಕೊಂಡು, ತಲೆ ಎತ್ತಿ ನಮ್ಮ ಗೋಡೆಯ ಕಪಾಟುಗಳನ್ನು ಒಂದೊಂದಾಗಿ ನೋಡಿದರು. ಎದ್ದರು. ಮೇಲಿನ ಕಪಾಟಿನ ಬಾಗಿಲು ತೆರೆದರು. ಖಾಲಿ. ಪಕ್ಕದ್ದು ತೆರೆದರು, ಅದೂ ಖಾಲಿ. ಬೇಳೆ ಡಬ್ಬ, ಸಾರಿನ ಪುಡಿ, ಪಾತ್ರೆ, ಎಲ್ಲವೂ ಸೊಂಟದ ಎತ್ತರದಲ್ಲಿ, ಒಲೆಯ ಸುತ್ತ ಸಾಲಾಗಿ ಕೂತಿದ್ದವು. ಅವರು ತಿರುಗಿ ನನ್ನ ಬಲ ಭುಜದ ಮೇಲೆ ಒಂದು ಬೆರಳಿಟ್ಟು, ಹುಬ್ಬು ಹಾರಿಸಿ, "ಗ್ರ್ಯಾಂಡ್?" ಅಂದರು.

ಸಿಕ್ಕಿಬಿದ್ದೆ. ಒಂದು ವರ್ಷದಿಂದ ಆ ಭುಜ ಕಿವಿಯ ಎತ್ತರಕ್ಕೆ ಏಳುತ್ತಿರಲಿಲ್ಲ. ಒಂದೊಂದೇ ಡಬ್ಬವನ್ನು ಕೆಳಗಿಳಿಸಿಕೊಂಡು ಬಂದಿದ್ದೆ. ನಿಮ್ಮ ಮನೆಯವರು ಯಾರೂ ಗಮನಿಸಿರಲಿಲ್ಲ. ನಾನು ಅವರ ಹೆಬ್ಬೆರಳನ್ನು ತೋರಿಸಿ, "ಗ್ರ್ಯಾಂಡ್?" ಅಂದೆ. ಅವರು ಹೋ ಎಂದು ನಕ್ಕರು. ನಾನೂ ನಕ್ಕೆ. ಅವರು ನಗು ತಡೆಯಲಾರದೆ ಮೇಜು ಬಡಿದರೆ ಕಾಳುಗಳೆಲ್ಲ ನೆಲಕ್ಕೆ ಚೆಲ್ಲಿದವು. ಆರಿಸಲು ಇಬ್ಬರೂ ಬಗ್ಗಿದೆವು, ಏಳುವಾಗ ಇಬ್ಬರೂ "ಅಯ್ಯ" ಅಂದೆವು, ಅವರದ್ದು ಅವರ ಭಾಷೆಯಲ್ಲಿ. ಅದಕ್ಕೆ ಮತ್ತೆ ನಗು.

ನಗು ಇಳಿದಾಗ ನನಗೆ ಹೊಳೆಯಿತು. ಇವರೇ ತಾನೇ ಅಡ್ಡಿ ಸೊನ್ನೆ ಎಂದು ಬರೆದವರು? ಆ ಹಾಳೆಯನ್ನು ನನಗೆ ಕೊಟ್ಟಿದ್ದರೆ ನಾನೇನು ಬರೆಯುತ್ತಿದ್ದೆ? ಸೊನ್ನೆಯೇ. ಅನುವಾದದಲ್ಲಿ ತಪ್ಪಿಲ್ಲ, ಅವರಿಗೆ ಅರ್ಥವಾಗದೆಯೂ ಇಲ್ಲ. ಆಂಟಿ ಅಳಬೇಕಾದ್ದೇ ಇಲ್ಲ.

ಆದರೆ ಇದನ್ನು ಹೇಳಬೇಕಲ್ಲ! ಹೇಳಿದರೆ ನನ್ನ ಭುಜದ ವಿಷಯವೂ ಹೊರಬೀಳುತ್ತದೆ. ಆವತ್ತು ನಿಮ್ಮಪ್ಪನಿಗೂ ರಜೆ, ಆಂಟಿ, ಸ್ಪೇನ್ ಅಜ್ಜಿ ಸೇರಿ ಎಲ್ಲರೂ ಊಟಕ್ಕೆ ಕೂತಿದ್ದರು. ಅಳಿಯನ ಎದುರು ಮೈಕೈ ನೋವಿನ ಮಾತಾಡುವುದು ನಮ್ಮಲ್ಲಿ ಇಲ್ಲ. ನನ್ನ ತಾಯಿ ಮಗಳ ಮನೆಗೆ ಬಂದಾಗ ಜ್ವರ ಬಂದರೂ ಬಚ್ಚಲ ಒಲೆ ಮುಂದೆ ಕೂತು ಚಳಿ ಬಿಡಿಸಿಕೊಳ್ಳುತ್ತಿದ್ದರು. ಸಾರು ಬಡಿಸಿದೆ. ತುಪ್ಪ ಬಡಿಸಿದೆ. ಎರಡನೆಯ ಸಲ ತುಪ್ಪ ಬಡಿಸಿದೆ. ಆಂಟಿ ಅನ್ನವನ್ನು ಸುಮ್ಮನೆ ಕೆದಕುತ್ತಿದ್ದರು. ಮೊದಲಿಂದ ಶುರುಮಾಡುವ ಶಕ್ತಿ ತನಗಿಲ್ಲ, ಈ ಹಾಳೆಯ ಕೆಲಸ ಬಿಟ್ಟೆನೆಂದು ಸೋಮವಾರ ಮೇಲಿನವರಿಗೆ ಹೇಳಿಬಿಡುತ್ತೇನೆ, ಅಂದರು. ಪುಟ್ಟಿ ಅದನ್ನು ಅರ್ಧ ಕನ್ನಡ ಮಾಡಿ ನನಗೆ ಹೇಳಿದಳು.

"ಒಂದ್ ಮಾತು ಹೇಳ್ಲಾ?" ಅಂದುಬಿಟ್ಟೆ.

ಎಲ್ಲರೂ ತಿರುಗಿದರು. ನಿಮ್ಮಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟರು. ನಾನು ತುಪ್ಪದ ಬಟ್ಟಲನ್ನು ನೋಡುತ್ತಾ ಹೇಳಿದೆ:

"ಅವ್ರು ಬರೆದಿರೋದು ಸರಿಯಾಗೇ ಐತೆ. ಕೆಲ್ಸಕ್ಕೆ ಅಡ್ಡಿ ಆಯ್ತಾ ಅಂತ ಕೇಳಿದ್ರೆ ನಾನೂ ಇಲ್ಲಾ ಅಂತೀನಿ. ಅಡ್ಡಿ ಆಗಿದ್ರೆ ನೀವೆಲ್ಲಾ ಈಗ ಊಟ ಮಾಡ್ತಿದ್ರಾ?"

"ನಾನೂ ಅಂದ್ರೆ?" ನಿಮ್ಮಮ್ಮನ ದನಿ ಬದಲಾಯಿತು. "ನಿಂಗೇನಮ್ಮ ನೋವು?"

"ಅದಿರ್ಲಿ. ಕೆಲ್ಸ ಆಯ್ತಾ ಅಂತ ಕೇಳ್ಬೇಡಿ. ಹೆಂಗ್ ಮಾಡಿದ್ರಿ ಅಂತ ಕೇಳಿ. ಯಾವ್ ಕೈಲಿ ಮಾಡಿದ್ರಿ, ಎಷ್ಟು ಸಲ ಕೂತ್ಕೊಂಡ್ರಿ ಅಂತ ಕೇಳಿ."

ಇಷ್ಟು ಉದ್ದದ ಮಾತನ್ನು ನಾನು ಅಳಿಯನ ಎದುರು ಆಡಿದ್ದೇ ಇಲ್ಲ. ಸ್ಪೇನ್ ಅಜ್ಜಿಗೆ ಕನ್ನಡ ತಿಳಿಯದಿದ್ದರೂ ಯಾವ ಮಾತು ನಡೆದಿದೆಯೆಂದು ತಿಳಿಯಿತು. ಎದ್ದು ಹೋಗಿ ಮೇಲಿನ ಎರಡೂ ಕಪಾಟುಗಳ ಬಾಗಿಲನ್ನು ಹಾರುಹೊಡೆದು ನಿಂತರು.

ನಿಮ್ಮಪ್ಪ ನಿಧಾನವಾಗಿ ಅಂದರು: "ಅತ್ತೆ, ನೀವು ಸಾಮಾನು ಕಮ್ಮಿ ಮಾಡಿ ನೀಟಾಗಿಟ್ಟಿದೀರಾ ಅಂತ ನಾನು ನಮ್ಮಮ್ಮಂಗೆ ಫೋನಲ್ಲಿ ಹೊಗಳಿದ್ದೆ!"

ನಿಮ್ಮಮ್ಮನಿಗೆ ಕೋಪವೂ ಬಂತು, ನಗುವೂ ಬಂತು. "ದಿನಾ ಬೆಳಗ್ಗೆಯಿಂದ ಸಂಜೆವರೆಗೂ ಊರೋರ ನೋವು ಕೇಳ್ತೀನಿ. ಮನೇಲಿ ನೀನು ನನ್ನ ಕಣ್ಣಿಗೇ ಮಣ್ಣೆರಚಿದೀಯ!"

"ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಅಂದೆ. ಕೇಳಿದ್ದರೂ ಹೇಳುತ್ತಿರಲಿಲ್ಲ. ಪುಟ್ಟಿಯನ್ನು ಶಾಲೆಗೆ ಬಿಡುವುದು, ಚಿನ್ನುವನ್ನು ಎತ್ತಿಕೊಳ್ಳುವುದು, ಚಪಾತಿ ಲಟ್ಟಿಸುವುದು, ಒಂದೊಂದೇ ನನ್ನ ಕೈಯಿಂದ ತೆಗೆದುಬಿಡುತ್ತಾರೆಂಬ ಹೆದರಿಕೆ. ಅದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ, ಆಗ ಹೇಳಲಿಲ್ಲ.

ಇಷ್ಟು ಹೊತ್ತೂ ನಿಮ್ಮಮ್ಮ ನನ್ನ ಮಾತನ್ನು ಇಂಗ್ಲಿಷಿನಲ್ಲಿ ಆಂಟಿಗೆ ಹೇಳುತ್ತಲೇ ಇದ್ದಳು. ಆಂಟಿ ಊಟ ಬಿಟ್ಟು ತಾಯಿಯ ಕಡೆಗೆ ತಿರುಗಿದರು. ಹಾಳೆ ಹಿಡಿಯಲಿಲ್ಲ, ಸುಮ್ಮನೆ ಮಾತಾಡಿಸಿದರು. ಅವರು ಕೇಳಿದ್ದನ್ನೂ ಅಜ್ಜಿ ಹೇಳಿದ್ದನ್ನೂ ಅವರೇ ಇಂಗ್ಲಿಷಿನಲ್ಲಿ ತಿಳಿಸುತ್ತಾ ಹೋದರು, ನಿಮ್ಮಮ್ಮ ನನಗೆ ಕನ್ನಡ ಮಾಡಿದಳು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಹೇಗೆ ತೆಗೆಯುತ್ತೀ? ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸುತ್ತೇನೆ. ಬಟ್ಟೆ ಹೇಗೆ ಹಿಂಡುತ್ತೀ? ನಲ್ಲಿಗೆ ಸುತ್ತಿ ಎಳೆಯುತ್ತೇನೆ. ಆಲೂಗಡ್ಡೆ ಸಿಪ್ಪೆ? ಮೊದಲು ಕಾಲು ಗಂಟೆಯ ಕೆಲಸ, ಈಗ ರೇಡಿಯೋದಲ್ಲಿ ಎರಡು ಕಾರ್ಯಕ್ರಮ ಮುಗಿಯುತ್ತವೆ. ಹಾಗಾದರೆ ಅಮ್ಮ, ಅಡ್ಡಿ ಎಷ್ಟು?

ಸ್ಪೇನ್ ಅಜ್ಜಿ ಚಾವಣಿ ನೋಡಿದರು, ತಮ್ಮ ಹೆಬ್ಬೆರಳು ನೋಡಿಕೊಂಡರು. ಎಂಟು ಅಂದರು. ಆದರೆ ಮಾಡಿ ಮುಗಿಸುತ್ತೇನೆ, ಅದನ್ನೂ ಬರೆದುಕೋ ಅಂದರು.

ಆಂಟಿ ಕುರ್ಚಿಯಿಂದ ಎದ್ದು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು, ನೋಯುವ ಭುಜದ ಕಡೆಯಿಂದಲೇ. ನಾನು ಹಲ್ಲು ಕಚ್ಚಿ ನಕ್ಕೆ. "ನೋಡು, ನೋಡು! ಈಗ್ಲೂ ಹೇಳಲ್ಲ!" ಎಂದು ನಿಮ್ಮಮ್ಮ ಕೂಗಿದಳು.

ಪ್ರಶ್ನೆಗಳನ್ನು ಬದಲಿಸುವ ಹಾಗಿರಲಿಲ್ಲ. ಬದಲಿಸಿದರೆ ಅದು ಆ ಹಾಳೆಯೇ ಅಲ್ಲವಂತೆ. ಆ ಭಾಗದ ಮೇಲೆ ಒಂದು ಸೂಚನೆಯ ಸಾಲು ಸೇರಿಸಬಹುದೇ ಎಂದು ಇಂಗ್ಲಿಷ್ ಹಾಳೆಯನ್ನು ಮಾಡಿದವರಿಗೆ ಆಂಟಿ ಕಾಗದ ಬರೆದರು. ಸೇರಿಸಿ ಎಂದು ಉತ್ತರ ಬಂತು. ಕೆಲಸವನ್ನು ಮಾಡಿ ಮುಗಿಸಿದ್ದರೂ, ನಿಧಾನವಾಗಿಯೋ, ಬೇರೆ ಕೈಯಿಂದಲೋ, ನಡುನಡುವೆ ಕೂತೋ ಮಾಡಿದ್ದರೆ ಅದನ್ನೂ ಅಡ್ಡಿಯೆಂದೇ ಎಣಿಸಿ. ಇದು ಆ ಸಾಲು. ಆಂಟಿ ಅದನ್ನು ಸ್ಪ್ಯಾನಿಷಿನಲ್ಲಿ ಬರೆದು, ಮೂರನೆಯವರಿಂದ ಇಂಗ್ಲಿಷ್ ಮಾಡಿಸಿ, ನಿಮ್ಮಮ್ಮನಿಂದ ಕನ್ನಡ ಮಾಡಿಸಿ ನನಗೆ ಓದಿಸಿದರು. ನಾನು ತಲೆಯಾಡಿಸಿದ ಮೇಲೆಯೇ ಅಚ್ಚಿಗೆ ಹೋಯಿತು.

ಮತ್ತೆ ಐವರೂ ಬಂದು ಮೂಲೆಗೊಬ್ಬರಾಗಿ ಕೂತರು. ಈ ಸಲ ಬಹಳ ಹೊತ್ತು ಹಿಡಿಯಿತು. ಮೆಟ್ಟಿಲ ಮೇಲಿದ್ದವರು ಒಂದೊಂದು ಪ್ರಶ್ನೆಗೂ ಕೈಯನ್ನು ಗಾಳಿಯಲ್ಲಿ ಆಡಿಸಿ, ಕಸ ಗುಡಿಸಿದಂತೆ, ದೋಸೆ ತಿರುವಿದಂತೆ ಮಾಡಿ ನೋಡಿ ಸುತ್ತು ಹಾಕುತ್ತಿದ್ದರು. ಎಲ್ಲೂ ಸೊನ್ನೆಯ ಸಾಲಿಲ್ಲ. ಎರಡು ವಾರ ಬಿಟ್ಟು ಅದೇ ಹಾಳೆ ಮತ್ತೆ. ಆವತ್ತು ಒಬ್ಬ ಅಜ್ಜಿ ತನ್ನ ಹಳೆಯ ಹಾಳೆ ಒಮ್ಮೆ ಕೊಡಿ, ಅದರ ಹಾಗೆಯೇ ಬರೆದರೆ ನಿಮಗೆ ಒಳ್ಳೆಯದಲ್ಲವೇ ಎಂದು ಕೇಳಿದರು. ಆಂಟಿ ಕೈ ಮುಗಿದರು, ನಮ್ಮ ಹಾಗೆಯೇ.

ಕ್ರಿಸ್‌ಮಸ್‌ಗೆ ನಾಲ್ಕು ದಿನ ಇರುವಾಗ ಮಧ್ಯಾಹ್ನ ಫೋನು ಬಂತು. ನಿಮ್ಮಮ್ಮ ಸ್ಪೀಕರಿಗೆ ಹಾಕಿದಳು. ಆಂಟಿ ಯಾವ ಭಾಷೆಯಲ್ಲಿ ಕಿರುಚಿದರೋ ತಿಳಿಯಲಿಲ್ಲ, ಮೂರೂ ಇದ್ದವು, ನಡುವೆ ಒಂದು "ಸಾಕು ಅಮ್ಮ" ಕೂಡ ಇತ್ತು. ಮೇಲಿನವರು ಹೂಂ ಅಂದಿದ್ದರು. ಸಂಜೆ ಐವರೂ ಅಜ್ಜಿಯರು ನಮ್ಮ ಮನೆಗೆ ನುಗ್ಗಿದರು. ಸ್ಪೇನ್ ಅಜ್ಜಿ ಬಾಣಲೆಯಗಲದ ಆಲೂಗಡ್ಡೆ ಆಮ್ಲೆಟ್ ತಂದಿದ್ದರು. ಮೊಟ್ಟೆ ಎಂದು ನಾನು ಮುಟ್ಟಲಿಲ್ಲ, ನನ್ನ ಪಾಲನ್ನು ಪುಟ್ಟಿ ತಿಂದಳು. ಅವರು ಚಪ್ಪಾಳೆ ತಟ್ಟಿ ಹಾಡಿದರು. ನನ್ನನ್ನೂ ಹಾಡೆಂದರು. ಹಾಡಲಿಲ್ಲ, ಆದರೆ ಚಪ್ಪಾಳೆ ತಟ್ಟಿದೆ, ಭುಜ ಎಷ್ಟು ಏಳುತ್ತದೋ ಅಷ್ಟು ಎತ್ತಿ.

ಆಮೇಲೆ ನಿಮ್ಮಮ್ಮ ಆ ಹಾಳೆಯನ್ನು ಕನ್ನಡದಲ್ಲಿ ಬಾಯಲ್ಲೇ ಕೇಳುತ್ತಾ ನನಗೂ ತುಂಬಿಸಿದಳು. ಮನೆಗೆಲಸದ ಭಾಗಕ್ಕೆ ಬಂದಾಗ ಸ್ವಲ್ಪ ಯೋಚಿಸಿ ಏಳು ಅಂದೆ. ಅವಳು ಬರೆದುಕೊಂಡಳು. ನನ್ನ ಕೈಯಿಂದ ಯಾವ ಕೆಲಸವನ್ನೂ ತೆಗೆಯಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಳು. ದಿನಾ ಎಷ್ಟು ಮೇಲಕ್ಕೆ ಹೋಯಿತೆಂದು ಪುಟ್ಟಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಗೆರೆ ಅವಳ ಕೈಗೆ ಎಟುಕದಾಯಿತು, ಸ್ಟೂಲ್ ಹಾಕಿಕೊಂಡಳು.

ಆಂಟಿ ಅಚ್ಚಾದ ಒಂದು ಹಾಳೆಯನ್ನು ನನಗೆ ಕೊಟ್ಟಿದ್ದಾರೆ. ಅಡ್ಡಿಯ ಭಾಗದ ಮೇಲಿನ ಆ ಸಾಲಿಗೆ ಹಳದಿ ಬಣ್ಣ ಬಳಿದಿದ್ದಾರೆ. ನನಗೆ ಅದರ ಒಂದು ಅಕ್ಷರವೂ ಓದಲು ಬರುವುದಿಲ್ಲ. ಆದರೂ ಅಲ್ಲಿರುವುದು ನಾನು ಆಡಿದ ಮಾತೇ. ಯಾವ ಯಾವ ಊರಿನ ಅಜ್ಜಿಯರೋ ಈಗ ಅದನ್ನು ಓದಿ, ಒಂದು ಗಳಿಗೆ ಪೆನ್ನು ಹಿಡಿದು ಯೋಚಿಸುತ್ತಿರಬಹುದು. ಅದನ್ನು ನೆನೆದರೆ ಒಬ್ಬಳೇ ಇರುವಾಗಲೂ ನಗು ಬರುತ್ತದೆ.

ಆ ಹಾಳೆಯನ್ನು ನಾನು ಬರೆದ ಈ ಹಾಳೆಗಳ ಕೊನೆಗೆ ಮಡಚಿ ಇಟ್ಟಿದ್ದೇನೆ. ಎರಡನ್ನೂ ಬೇರೆ ಮಾಡಬೇಡಿ. ಫೋಟೋ ತೆಗೆದುಕೊಂಡೆವಲ್ಲ ಎಂದು ಕಾಗದವನ್ನು ಎಸೆಯಬೇಡಿ. ಇದು ಬಾಡಿಗೆ ಮನೆ, ಇನ್ನೆಷ್ಟು ಸಲ ಬದಲಿಸುತ್ತೀರೋ. ಮನೆ ಬಿಡುವ ದಿನ ಇವನ್ನು ಲಾರಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡದೆ, ನಿಮ್ಮಿಬ್ಬರಲ್ಲಿ ಒಬ್ಬರು ಕೈಯಲ್ಲೇ ಹಿಡಿದುಕೊಂಡು ಹೋಗಿ.